‘ಸಾರ್ಥಕ ವ್ಯತ್ಯಾಸವಿಲ್ಲ’ ಎಂಬ ತೀರ್ಪಿನ ಟೊಳ್ಳು

ಎರಡು ಗುಂಪುಗಳ ಸರಾಸರಿಗಳನ್ನು ಹೋಲಿಸುವುದು ವೈದ್ಯಕೀಯ, ಕೃಷಿ, ಶಿಕ್ಷಣ, ಮನೋವಿಜ್ಞಾನ ಎಂಬ ಭೇದವಿಲ್ಲದೆ ಎಲ್ಲ ಪ್ರಯೋಗನಿಷ್ಠ ಸಂಶೋಧನೆಗಳ ನಿತ್ಯಕರ್ಮವಾಗಿದ್ದು, ಅದರ ವಿಧಿಯೂ ನಿತ್ಯಕರ್ಮದಷ್ಟೇ ಯಾಂತ್ರಿಕವಾಗಿ ನಡೆದುಬಂದಿದೆ. ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸಿದರೆ ಟಿ-ಮೌಲ್ಯವೊಂದು, ಅದರ ಬೆನ್ನಿಗೇ ಪಿ-ಮೌಲ್ಯವೊಂದು ಹೊರಬೀಳುತ್ತವೆ, ಪಿ-ಮೌಲ್ಯ 0.05ಕ್ಕಿಂತ ಕಡಿಮೆಯಿದ್ದರೆ ಗುಂಪುಗಳ ನಡುವೆ ಸಾರ್ಥಕ ವ್ಯತ್ಯಾಸವಿದೆ ಎಂದೂ, ಹೆಚ್ಚಿದ್ದರೆ ಸಾರ್ಥಕ ವ್ಯತ್ಯಾಸವಿಲ್ಲ, ಆದ್ದರಿಂದ ಶೂನ್ಯ ಪ್ರಾಕ್ಕಲ್ಪನೆಯನ್ನು ಸ್ವೀಕರಿಸಲಾಗಿದೆ ಎಂದೂ ಬರೆಯಲಾಗುತ್ತದೆ. ಕನ್ನಡದಲ್ಲಿ ಬರುವ ಶಿಕ್ಷಣಶಾಸ್ತ್ರದ ಪ್ರಬಂಧಗಳಲ್ಲೂ ಈ ವಾಕ್ಯ ಕೋಷ್ಟಕದಿಂದ ಕೋಷ್ಟಕಕ್ಕೆ ಅಕ್ಷರ ಬದಲಾಗದೆ ಮರುಕಳಿಸುವುದುಂಟು. ಉಪಸಂಹಾರದ ಅಧ್ಯಾಯಕ್ಕೆ ಬರುವಷ್ಟರಲ್ಲಿ ‘ಸಾರ್ಥಕ’ ಎಂಬ ವಿಶೇಷಣವೂ ಸದ್ದಿಲ್ಲದೆ ಉದುರಿಹೋಗಿ, ಎರಡು ಬೋಧನಾ ವಿಧಾನಗಳಾಗಲಿ ಎರಡು ಔಷಧಗಳಾಗಲಿ ‘ಸಮಾನ’ವೆಂದು ಸಾಬೀತಾಗಿಬಿಟ್ಟಿರುತ್ತದೆ. ಇದನ್ನು ಸಮರ್ಥಿಸುವವರು ಇದೊಂದು ನಿರುಪದ್ರವಿ ಸರಳೀಕರಣ, ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕಲ್ಲ ಎನ್ನುತ್ತಾರೆ. ಆದರೆ ಹೌದು-ಅಲ್ಲ ಎಂಬ ಈ ತೀರ್ಪುಗಾರಿಕೆ ಸರಳೀಕರಣವಲ್ಲ, ವಿಪರ್ಯಾಸ: ಅದು ಉತ್ತರಿಸಲಾಗದ ಪ್ರಶ್ನೆಯನ್ನು ಕೇಳುತ್ತದೆ, ಉತ್ತರಿಸಬಹುದಾದ ಪ್ರಶ್ನೆಯನ್ನು ಕೇಳದೆ ಬಿಡುತ್ತದೆ, ಮತ್ತು ತಿಳಿಯದಿರುವುದನ್ನು ತಿಳಿದದ್ದರ ಲೆಕ್ಕಕ್ಕೆ ಸೇರಿಸುತ್ತದೆ.

ಈ ಪದ್ಧತಿ ಬಳಸುವ ಸಲಕರಣೆಗಳು ತಮ್ಮಷ್ಟಕ್ಕೆ ತಾವು ಏನನ್ನು ಹೇಳಬಲ್ಲವು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಒಂದು ಗುಂಪಿನ ಅಳತೆಗಳು ತಮ್ಮ ಸರಾಸರಿಯಿಂದ ಎಷ್ಟರಮಟ್ಟಿಗೆ ಚದುರಿವೆ ಎಂಬುದನ್ನು ತಿಳಿಸುವ ಸಂಖ್ಯೆ ಮಾನಕ ವಿಚಲನೆ. ಅದೇ ಬಗೆಯ ಮಾದರಿಗಳನ್ನು ಮತ್ತೆ ಮತ್ತೆ ಆಯ್ದರೆ ಆ ಸರಾಸರಿಯೇ ಎಷ್ಟು ತೂಗಾಡುತ್ತಿತ್ತು ಎಂಬುದನ್ನು ತಿಳಿಸುವುದು ಮಾನಕ ದೋಷ, ಮತ್ತು ಅದು ಮಾನಕ ವಿಚಲನೆಯನ್ನು ಮಾದರಿಯ ಗಾತ್ರದ ವರ್ಗಮೂಲದಿಂದ ಭಾಗಿಸಿದಾಗ ಸಿಗುತ್ತದೆ. ಪಿ-ಮೌಲ್ಯವೆಂದರೆ, ಗುಂಪುಗಳ ನಡುವೆ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲ, ಲೆಕ್ಕಕ್ಕೆ ಆಧಾರವಾದ ಉಳಿದ ನಿಬಂಧನೆಗಳೂ ಸರಿಯಾಗಿವೆ ಎಂದು ಭಾವಿಸಿಕೊಂಡರೆ, ಕಂಡಷ್ಟು ಅಥವಾ ಅದಕ್ಕೂ ದೊಡ್ಡ ಅಂತರ ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವನೀಯತೆ. ಅದು ವ್ಯತ್ಯಾಸವಿಲ್ಲವೆಂಬ ಈ ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವನೀಯತೆ ಖಂಡಿತ ಅಲ್ಲ, ಏಕೆಂದರೆ ಅದನ್ನು ನಿಜವೆಂದು ಇಟ್ಟುಕೊಂಡೇ ಇಡೀ ಲೆಕ್ಕ ಹೊರಟಿದೆ. ವಿಶ್ವಾಸಾಂತರವೆಂದರೆ, ಅಂಕಿಗಳೊಡನೆ ಹೊಂದಿಕೊಳ್ಳುವ ವ್ಯತ್ಯಾಸದ ಮೌಲ್ಯಗಳನ್ನೆಲ್ಲ ಒಳಗೊಂಡ ಒಂದು ವ್ಯಾಪ್ತಿ, ಶೇ. 95 ಎಂಬ ಭರವಸೆ ಕಣ್ಣೆದುರಿಗಿರುವ ಒಂದು ವಿಶ್ವಾಸಾಂತರಕ್ಕೆ ಸೇರಿದ್ದಲ್ಲ, ಅದೇ ವಿಧಾನವನ್ನು ಪದೇಪದೇ ಬಳಸಿದಾಗ ಹುಟ್ಟುವ ವಿಶ್ವಾಸಾಂತರಗಳಲ್ಲಿ ನೂರಕ್ಕೆ ತೊಂಬತ್ತೈದು ನಿಜಮೌಲ್ಯವನ್ನು ಒಳಗೊಳ್ಳುತ್ತವೆ ಎಂಬ, ವಿಧಾನಕ್ಕೆ ಸೇರಿದ ಭರವಸೆ.

ಟಿ-ಮೌಲ್ಯವನ್ನು ಕೊಡುವ ಟಿ-ಪರೀಕ್ಷೆ ಹುಟ್ಟಿದ ಕಡೆಯಲ್ಲೇ ತೀರ್ಪುಗಾರಿಕೆಯ ದೌರ್ಬಲ್ಯಕ್ಕೆ ಪುರಾವೆ ಇದೆ. ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಅಂಕಿತದಲ್ಲಿ ಬಯೊಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ, ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದ ಮಾನಸಿಕ ಚಿಕಿತ್ಸಾಲಯದ ಹತ್ತು ರೋಗಿಗಳ ನಿದ್ರೆಯ ಅಂಕಿಗಳನ್ನು ಉದಾಹರಣೆಯಾಗಿ ತೆಗೆದುಕೊಂಡಿತ್ತು. ಕುಶ್ನಿ ಮತ್ತು ಪೀಬಲ್ಸ್ ಎಂಬ ಸಂಶೋಧಕರು 1905ರಲ್ಲಿ ಪ್ರಕಟಿಸಿದ್ದ ಆ ಅಂಕಿಗಳ ಪ್ರಕಾರ, ಮೊದಲ ಔಷಧದಿಂದ ರೋಗಿಗಳಿಗೆ ಸರಾಸರಿ 0.75 ಗಂಟೆ, ಎರಡನೆಯದರಿಂದ ಸರಾಸರಿ 2.33 ಗಂಟೆ ಹೆಚ್ಚು ನಿದ್ರೆ ಬಂದಿತ್ತು. ಗಾಸೆಟ್ ಔಷಧಗಳ ಹೆಸರನ್ನೇ ತಪ್ಪಾಗಿ ನಮೂದಿಸಿದ್ದರು, 1925ರಲ್ಲಿ ರೊನಾಲ್ಡ್ ಫಿಷರ್ ತಮ್ಮ ಪ್ರಸಿದ್ಧ ಪಠ್ಯದಲ್ಲಿ ಆ ತಪ್ಪನ್ನು ಹಾಗೆಯೇ ಮುಂದುವರಿಸಿದರು ಎಂಬುದು ಬೇರೆಯ ಮಾತು. ಸಂಖ್ಯೆಗಳ ಹಿಂದಿರುವ ವಸ್ತುವಿನ ಬಗ್ಗೆ ಈ ಶಾಸ್ತ್ರಕ್ಕೆ ಆಗಿನಿಂದಲೂ ಇರುವ ಉದಾಸೀನಕ್ಕೆ ಅದೂ ಒಂದು ಸಾಕ್ಷಿ.

ಈ ಇಪ್ಪತ್ತು ಸಂಖ್ಯೆಗಳನ್ನು ಇಂದಿನ ರೂಢಿಗೆ ಒಪ್ಪಿಸಿದರೆ ಆಗುವುದು ಹೀಗೆ. ಪ್ರತಿ ಔಷಧದ ಸರಾಸರಿಗೆ ಬೇರೆಬೇರೆಯಾಗಿ ಶೇ. 95ರ ವಿಶ್ವಾಸಾಂತರ ಕಟ್ಟಿದರೆ ಮೊದಲನೆಯದು −0.53ರಿಂದ 2.03 ಗಂಟೆಯವರೆಗೆ, ಎರಡನೆಯದು 0.90ರಿಂದ 3.76 ಗಂಟೆಯವರೆಗೆ ಚಾಚಿಕೊಂಡು, ಎರಡೂ ಒಂದು ಗಂಟೆಗೂ ಮಿಕ್ಕಿ ಒಂದರ ಮೇಲೊಂದು ಬೀಳುತ್ತವೆ. ಚಿತ್ರ ನೋಡಿದವರು ವ್ಯತ್ಯಾಸವಿಲ್ಲ ಎನ್ನುತ್ತಾರೆ. ಎರಡನ್ನೂ ಬೇರೆಬೇರೆ ರೋಗಿಗಳ ಗುಂಪುಗಳೆಂದು ಭಾವಿಸಿ ಟಿ-ಪರೀಕ್ಷೆ ಮಾಡಿದರೆ ಪಿ-ಮೌಲ್ಯ 0.079 ಬರುತ್ತದೆ, ಕೋಷ್ಟಕ ನೋಡಿದವರೂ ಸಾರ್ಥಕ ವ್ಯತ್ಯಾಸವಿಲ್ಲ ಎನ್ನುತ್ತಾರೆ. ಆದರೆ ಎರಡು ಔಷಧಗಳನ್ನೂ ಸೇವಿಸಿದವರು ಅದೇ ಹತ್ತು ಜನ. ಪ್ರತಿ ರೋಗಿಯಲ್ಲೂ ಎರಡರ ನಡುವಿನ ಅಂತರವನ್ನು ಲೆಕ್ಕಹಾಕಿ ಜೋಡಿ ಟಿ-ಪರೀಕ್ಷೆ ಮಾಡಿದರೆ, ಒಬ್ಬ ರೋಗಿಯ ಹೊರತು ಉಳಿದ ಒಂಬತ್ತೂ ಮಂದಿಯಲ್ಲಿ ಎರಡನೆಯ ಔಷಧ ಮುಂದಿದೆ, ಸರಾಸರಿ ಅಂತರ 1.58 ಗಂಟೆ, ಅದರ ವಿಶ್ವಾಸಾಂತರ 0.70ರಿಂದ 2.46 ಗಂಟೆ, ಪಿ-ಮೌಲ್ಯ 0.003. ಸರಾಸರಿಗಳು ಬದಲಾಗಿಲ್ಲ, ಅವುಗಳ ಅಂತರವೂ ಬದಲಾಗಿಲ್ಲ. ರೋಗಿ-ರೋಗಿಯ ನಡುವಿನ ಸಹಜ ಭಿನ್ನತೆಯನ್ನು ಲೆಕ್ಕದಿಂದ ಕಳೆದದ್ದರಿಂದ ಅನಿಶ್ಚಿತತೆ ಮಾತ್ರ ಕುಗ್ಗಿತು. ಅಂದರೆ ತೀರ್ಪು ಔಷಧಗಳ ಗುಣವನ್ನು ಕುರಿತದ್ದಾಗಿರದೆ, ಪ್ರಯೋಗವನ್ನು ಯಾವ ವಿನ್ಯಾಸದಲ್ಲಿ ನಡೆಸಲಾಯಿತು, ಆ ವಿನ್ಯಾಸವನ್ನು ಲೆಕ್ಕ ಗೌರವಿಸಿತೇ ಎಂಬುದನ್ನು ಕುರಿತದ್ದಾಗಿತ್ತು. ಗಾಸೆಟ್ ಸ್ವತಃ ತೀರ್ಪು ಕೊಡುವ ಗೋಜಿಗೆ ಹೋಗಿರಲಿಲ್ಲ ಎಂಬುದೂ ಗಮನಾರ್ಹ: ಎರಡನೆಯ ಔಷಧ ಮೇಲೆಂಬುದಕ್ಕೆ ಸುಮಾರು 666ಕ್ಕೆ ಒಂದರಂತೆ ಪಣ ಕಟ್ಟಬಹುದು ಎಂದಷ್ಟೇ ಅವರು ಬರೆದರು. ಆ ಪಣದ ಮಾತಿಗೂ ತಾರ್ಕಿಕ ತೊಡಕುಗಳಿವೆಯಾದರೂ ಅದರಲ್ಲಿ ಪ್ರಮಾಣದ ಅರಿವಿದೆ.

ವಿಶ್ವಾಸಾಂತರಗಳು ಒಂದರ ಮೇಲೊಂದು ಬಿದ್ದರೆ ವ್ಯತ್ಯಾಸವಿಲ್ಲ ಎಂಬ ಕಣ್ಣಳತೆಯ ಸೂತ್ರವಂತೂ ಜೋಡಿಯಲ್ಲದ, ಸಂಪೂರ್ಣ ಸ್ವತಂತ್ರವಾದ ಗುಂಪುಗಳಲ್ಲೂ ನಿಲ್ಲುವುದಿಲ್ಲ. ಎರಡು ಸ್ವತಂತ್ರ ಸರಾಸರಿಗಳ ಅಂತರದ ಮಾನಕ ದೋಷ ಅವೆರಡರ ಮಾನಕ ದೋಷಗಳ ಮೊತ್ತವಲ್ಲ. ಲಂಬಕೋನ ತ್ರಿಭುಜದ ಬಾಹುಗಳಂತೆ ಅವುಗಳ ವರ್ಗಗಳು ಕೂಡುತ್ತವೆ, ಆದ್ದರಿಂದ 3 ಮತ್ತು 4 ಸೇರಿ 7 ಆಗದೆ 5 ಆಗುತ್ತದೆ. ಎರಡು ವಿಶ್ವಾಸಾಂತರಗಳ ತುದಿಗಳು ಪರಸ್ಪರ ತಾಕಬಾರದು ಎಂದು ಹಟ ಹಿಡಿಯುವವರು ಅರಿವಿಲ್ಲದೆಯೇ ಆ 7ನ್ನು ಬಳಸುತ್ತಿರುತ್ತಾರೆ. ಮಾನಕ ದೋಷಗಳು ಸಮವಾಗಿರುವ ಎರಡು ದೊಡ್ಡ ಗುಂಪುಗಳ ಶೇ. 95ರ ವಿಶ್ವಾಸಾಂತರಗಳು ತುದಿಗೆ ತುದಿ ತಾಕಿ ನಿಂತಾಗ ಪಿ-ಮೌಲ್ಯ ಸುಮಾರು 0.006 ಇರುತ್ತದೆ; ಅದು 0.05ಕ್ಕೆ ಏರುವ ಹೊತ್ತಿಗೆ ವಿಶ್ವಾಸಾಂತರಗಳು, ಸರಾಸರಿಯಿಂದ ತುದಿಯವರೆಗಿನ ತಮ್ಮ ಒಂದು ಕೈಯಳತೆಯ ಅರ್ಧಕ್ಕಿಂತ ಹೆಚ್ಚಾಗಿಯೇ ಒಂದರೊಳಗೊಂದು ನುಗ್ಗಿರುತ್ತವೆ. ಹೀಗೆ 0.05ರ ಗೆರೆಯನ್ನು ಪವಿತ್ರವೆಂದು ನಂಬಿದವರೇ ಚಿತ್ರ ನೋಡುವಾಗ ಅದಕ್ಕಿಂತ ಎಂಟು ಪಟ್ಟು ಬಿಗಿಯಾದ ಗೆರೆಯನ್ನು ತಿಳಿಯದೆ ಅನ್ವಯಿಸುತ್ತಾರೆ. ಇದಕ್ಕೆ ಪರಿಹಾರ ಇನ್ನೊಂದು ಕಣ್ಣಳತೆಯ ಸೂತ್ರವಲ್ಲ; ಪ್ರಶ್ನೆ ಅಂತರವನ್ನು ಕುರಿತದ್ದಾಗಿರುವಾಗ ಅಂತರಕ್ಕೇ ಒಂದು ವಿಶ್ವಾಸಾಂತರ ಕಟ್ಟಿ ತೋರಿಸಬೇಕಾದದ್ದು ಸಹಜವಾಗಿದ್ದರೂ, ಪ್ರಕಟವಾಗುವ ಹೆಚ್ಚಿನ ಚಿತ್ರಗಳು ಎರಡು ಗುಂಪುಗಳಿಗೆ ಎರಡು ಕಂಬ, ಪ್ರತಿ ಕಂಬದ ತಲೆಯ ಮೇಲೊಂದು ಗೂಟ ನೆಟ್ಟು ಓದುಗನನ್ನು ತಪ್ಪುದಾರಿಗೆ ಹಚ್ಚಿ ಕೈತೊಳೆದುಕೊಳ್ಳುತ್ತವೆ.

ಈ ಎಲ್ಲ ತಪ್ಪುಗಳಲ್ಲಿ ಅತ್ಯಂತ ಗಂಭೀರವಾದದ್ದು, ಗೆರೆ ದಾಟದ ಫಲಿತಾಂಶವನ್ನು ಸಮಾನತೆಯ ಪುರಾವೆಯೆಂದು ಓದುವುದು. ಹೊಸ ಬೋಧನಾ ವಿಧಾನವೊಂದನ್ನು ಇಪ್ಪತ್ತು ಮಕ್ಕಳ ಒಂದು ಗುಂಪಿಗೆ, ಹಳೆಯದನ್ನು ಇನ್ನೊಂದು ಇಪ್ಪತ್ತು ಮಕ್ಕಳ ಗುಂಪಿಗೆ ಅನ್ವಯಿಸಿ, ನೂರು ಅಂಕಗಳ ಪರೀಕ್ಷೆಯಲ್ಲಿ ಸರಾಸರಿಗಳ ನಡುವೆ 6 ಅಂಕಗಳ ಅಂತರ ಬಂದಿದೆ, ಎರಡೂ ಗುಂಪುಗಳ ಮಾನಕ ವಿಚಲನೆ 15 ಇದೆ ಎಂದು ಭಾವಿಸಿದರೆ, ಅಂತರದ ಮಾನಕ ದೋಷ ಸುಮಾರು 4.7, ಪಿ-ಮೌಲ್ಯ ಸುಮಾರು 0.21, ವಿಶ್ವಾಸಾಂತರ −3.6ರಿಂದ 15.6 ಅಂಕಗಳವರೆಗೆ. ರೂಢಿಯ ವರದಿ ಇಲ್ಲಿ ‘ಸಾರ್ಥಕ ವ್ಯತ್ಯಾಸವಿಲ್ಲ’ ಎಂದು ಬರೆದು ಮುಂದಿನ ಕೋಷ್ಟಕಕ್ಕೆ ಹೋಗುತ್ತದೆ. ಅಂಕಿಗಳು ಹೇಳುತ್ತಿರುವುದೇ ಬೇರೆ: ಹೊಸ ವಿಧಾನ ಮೂರು-ನಾಲ್ಕು ಅಂಕಗಳಷ್ಟು ಕೆಡುಕು ಮಾಡಿರಬಹುದು, ಏನೂ ಮಾಡದಿರಬಹುದು, ತರಗತಿಯ ಸ್ವರೂಪವನ್ನೇ ಬದಲಿಸುವಂತೆ ಹದಿನೈದು ಅಂಕಗಳಷ್ಟು ಒಳಿತನ್ನೂ ಮಾಡಿರಬಹುದು. ನಿಜವಾದ ಅಂತರ 6 ಅಂಕಗಳೇ ಆಗಿದ್ದರೂ ಇಷ್ಟು ಚಿಕ್ಕ ಅಧ್ಯಯನ ನಾಲ್ಕು ಸಲ ನಡೆದರೆ ಸರಿಸುಮಾರು ಮೂರು ಸಲ ಅದನ್ನು ಗೆರೆಯ ಈಚೆಗೆ ತರಲಾರದು; ಐದರಲ್ಲಿ ನಾಲ್ಕು ಸಲ ತರಬೇಕಾದರೆ ಗುಂಪಿಗೆ ಸುಮಾರು ನೂರು ಮಕ್ಕಳು ಬೇಕು. ದೊಡ್ಡ ಕಣ್ಣಿನ ಜರಡಿಯಲ್ಲಿ ರಾಗಿ ಜಾಲಿಸಿ, ಮೇಲೆ ಏನೂ ಉಳಿಯದ್ದನ್ನು ಕಂಡು ಮೂಟೆಯಲ್ಲಿ ರಾಗಿಯೇ ಇರಲಿಲ್ಲ ಎನ್ನುವ ತರ್ಕವಿದು.

ಇದು ವಿದ್ಯಾರ್ಥಿಗಳ ಪ್ರಬಂಧಗಳಿಗೆ ಸೀಮಿತವಾದ ದೋಷವೆಂದು ಭಾವಿಸುವಂತಿಲ್ಲ. 1978ರಲ್ಲಿ ಫ್ರೈಮನ್ ಮತ್ತು ಸಹೋದ್ಯೋಗಿಗಳು, ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ಸಾರಿದ್ದ 71 ವೈದ್ಯಕೀಯ ಪ್ರಯೋಗಗಳನ್ನು ಮರುಪರಿಶೀಲಿಸಿದಾಗ, ಅವುಗಳಲ್ಲಿ 50 ಪ್ರಯೋಗಗಳು ಚಿಕಿತ್ಸೆಯಿಂದ ಶೇ. 50ರಷ್ಟು ಸುಧಾರಣೆ ಇದ್ದಿದ್ದರೂ ಅದನ್ನು ಕಾಣದೆ ಹೋಗಬಹುದಾದಷ್ಟು ಚಿಕ್ಕವಾಗಿದ್ದವೆಂದು ತಿಳಿದುಬಂತು. ಪುರಾವೆಯ ಅಭಾವವು ಅಭಾವದ ಪುರಾವೆಯಲ್ಲ ಎಂದು ಆಲ್ಟ್‌ಮನ್ ಮತ್ತು ಬ್ಲಾಂಡ್ 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಚ್ಚರಿಸಿದರು. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಆಮ್ರೈನ್, ಗ್ರೀನ್‌ಲ್ಯಾಂಡ್, ಮೆಕ್‌ಶೇನ್ ಎಂಬ ಮೂವರು ಬರೆದು ಎಂಟುನೂರಕ್ಕೂ ಹೆಚ್ಚು ಮಂದಿ ಸಹಿ ಹಾಕಿದ ಲೇಖನದಲ್ಲಿ, ಐದು ಪತ್ರಿಕೆಗಳ 791 ಲೇಖನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇದೇ ತಪ್ಪು ಮಾಡಿದ್ದವೆಂದು ವರದಿಯಾಯಿತು. ನಾಲ್ಕು ದಶಕಗಳ ಎಚ್ಚರಿಕೆ ಅರಣ್ಯರೋದನವಾಗಿದೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಅದೇ ಲೇಖನದಲ್ಲಿ ಬರುವ ಒಂದು ಪ್ರಕರಣ ಸರಾಸರಿಗಳದ್ದಲ್ಲ, ಅಪಾಯದ ಅನುಪಾತದ್ದು. ತರ್ಕ ಮಾತ್ರ ಒಂದೇ. ಕೆಲವು ಉರಿಯೂತ ನಿವಾರಕ ಔಷಧಗಳಿಂದ ಹೃದಯಬಡಿತದ ಲಯ ತಪ್ಪುವ ಅಪಾಯ ಹೆಚ್ಚುತ್ತದೆಯೇ ಎಂದು ಪರೀಕ್ಷಿಸಿದ ಒಂದು ಅಧ್ಯಯನ ಶೇ. 20ರಷ್ಟು ಹೆಚ್ಚಳ ಕಂಡಿತು, ಅದರ ವಿಶ್ವಾಸಾಂತರ ಶೇ. 9ರಿಂದ 33, ಮುಂದೆ ಬಂದ ಇನ್ನೊಂದು ಅಧ್ಯಯನವೂ ಅದೇ ಶೇ. 20ರ ಹೆಚ್ಚಳ ಕಂಡಿತು, ಅದರ ವಿಶ್ವಾಸಾಂತರ ಶೇ. 3ರ ಇಳಿಕೆಯಿಂದ ಶೇ. 48ರ ಏರಿಕೆಯವರೆಗೆ. ಎರಡನೆಯದರಲ್ಲಿ ಪಿ-ಮೌಲ್ಯ 0.091 ಇದ್ದುದರಿಂದ ಅದರ ಲೇಖಕರು ಸಂಬಂಧವೇ ಇಲ್ಲವೆಂದೂ, ತಮ್ಮ ಫಲಿತಾಂಶ ಹಿಂದಿನದಕ್ಕೆ ವಿರುದ್ಧವೆಂದೂ ತೀರ್ಮಾನಿಸಿದರು. ಒಂದೇ ಸಂಖ್ಯೆಯನ್ನು ಕಂಡ ಎರಡು ಅಧ್ಯಯನಗಳು ಪರಸ್ಪರ ವಿರುದ್ಧವಾಗುವ ಈ ಪವಾಡವನ್ನು ಸಾಧಿಸಿದ್ದು ಅಂಕಿಗಳಲ್ಲ, ಗೆರೆ. ಒಂದು ಫಲಿತಾಂಶ ಸಾರ್ಥಕವಾಗಿದ್ದು ಇನ್ನೊಂದು ಆಗದಿದ್ದಾಗ ಅವೆರಡರ ನಡುವೆಯೇ ವ್ಯತ್ಯಾಸವಿದೆ ಎಂದು ಹೇಳಿಬಿಡುವ ಚಾಳಿಯೂ ಇದರ ಸೋದರ. ಗೆಲ್ಮನ್ ಮತ್ತು ಸ್ಟರ್ನ್ 2006ರಲ್ಲಿ ತೋರಿಸಿದಂತೆ, ಒಂದು ಅಂದಾಜು 25, ಇನ್ನೊಂದು 10, ಎರಡರ ಮಾನಕ ದೋಷವೂ 10 ಆಗಿದ್ದರೆ ಮೊದಲನೆಯದು ಗೆರೆ ದಾಟುತ್ತದೆ, ಎರಡನೆಯದು ದಾಟುವುದಿಲ್ಲ, ಆದರೆ ಅವುಗಳ ನಡುವಿನ 15ರ ಅಂತರಕ್ಕೆ ಮಾನಕ ದೋಷ 14 ಇರುವುದರಿಂದ ಅಂತರವೂ ದಾಟುವುದಿಲ್ಲ. 2011ರಲ್ಲಿ ನ್ಯೂವೆನ್‌ಹೌಸ್ ಮತ್ತು ಸಂಗಡಿಗರು ನರವಿಜ್ಞಾನದ 513 ಲೇಖನಗಳನ್ನು ಓದಿದಾಗ, ಈ ತಪ್ಪಿಗೆ ಅವಕಾಶವಿದ್ದ 157 ಲೇಖನಗಳಲ್ಲಿ 79 ಅದನ್ನು ಮಾಡಿಯೇ ಇದ್ದವು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿಯುತ್ತರಗಳು ಬರುತ್ತಿದ್ದವು.

ಮಾದರಿ ಚಿಕ್ಕದಾದಾಗ ಇರುವ ವ್ಯತ್ಯಾಸವನ್ನು ಇಲ್ಲವೆನ್ನುವ ಪದ್ಧತಿ ಮಾದರಿ ದೊಡ್ಡದಾದಾಗ ಕವಡೆ ಕಿಮ್ಮತ್ತಿಲ್ಲದ ವ್ಯತ್ಯಾಸಕ್ಕೆ ಪಟ್ಟ ಕಟ್ಟುತ್ತದೆ. ಬೋಧನಾ ವಿಧಾನಗಳ ಮೇಲಿನ ಪರೀಕ್ಷೆಯಲ್ಲೇ ಗುಂಪಿಗೆ ಇಪ್ಪತ್ತು ಸಾವಿರ ಮಕ್ಕಳಿದ್ದರೆ ನೂರು ಅಂಕಗಳಲ್ಲಿ ಒಂದು ಅಂಕದ ಮೂರನೆಯ ಒಂದು ಭಾಗಕ್ಕೂ ಕಡಿಮೆಯ, ಅಂದರೆ 0.3 ಅಂಕದ ಅಂತರ 0.05ರ ಗೆರೆಯನ್ನು ದಾಟುತ್ತದೆ. ವ್ಯತ್ಯಾಸದ ಗಾತ್ರ ಮತ್ತು ವ್ಯತ್ಯಾಸದ ಬಗೆಗಿನ ಪುರಾವೆ ಎರಡು ಬೇರೆಬೇರೆ ಸಂಗತಿಗಳು, ಒಂದನ್ನು ಇನ್ನೊಂದರ ಅಳತೆಗೋಲಾಗಿ ಬಳಸಬಾರದು ಎಂಬುದು ಈಚೆಗೆ ಹೊಳೆದ ವಿಚಾರವೇನಲ್ಲ. ಅದನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದವರಲ್ಲಿ ಮೊದಲಿಗರು ಕಲ್ಕತ್ತೆಯ ಪ್ರಶಾಂತ ಚಂದ್ರ ಮಹಾಲನೋಬಿಸ್. ಆ ಕಾಲದ ಸಂಖ್ಯಾಶಾಸ್ತ್ರದ ಅಧಿಪತಿಯಾಗಿದ್ದ ಕಾರ್ಲ್ ಪಿಯರ್ಸನ್, ಎರಡು ಜನಸಮುದಾಯಗಳ ತಲೆಬುರುಡೆಯ ಅಳತೆಗಳ ಸರಾಸರಿಗಳನ್ನು ಹೋಲಿಸಲು ‘ಜನಾಂಗ ಸಾಮ್ಯದ ಗುಣಾಂಕ’ವೊಂದನ್ನು ರೂಪಿಸಿದ್ದರು. ಜನಾಂಗಗಳನ್ನು ಬುರುಡೆಯಿಂದ ವರ್ಗೀಕರಿಸುವ ಆ ಗೀಳನ್ನು ವಿಜ್ಞಾನ ಈಗ ಕೈಬಿಟ್ಟಿದೆ, ಅದು ಒಳ್ಳೆಯದೇ ಆಯಿತು. ಆದರೆ ಗುಣಾಂಕದ ಲೋಪ ಗಣಿತದ್ದು. ಸಮುದಾಯಗಳ ನಡುವಿನ ಅಂತರ ಹಾಗೆಯೇ ಇದ್ದರೂ ಅಳೆದ ಬುರುಡೆಗಳ ಸಂಖ್ಯೆ ಹೆಚ್ಚಿದಂತೆ ಗುಣಾಂಕ ಬೆಳೆಯುತ್ತಿತ್ತು, ಹಾಗಾಗಿ ಅದು ವ್ಯತ್ಯಾಸವಿದೆಯೇ ಎಂಬುದರ ಪರೀಕ್ಷೆಯಾಗಬಹುದಿತ್ತೇ ಹೊರತು ವ್ಯತ್ಯಾಸವೆಷ್ಟು ಎಂಬುದರ ಅಳತೆಯಾಗುವಂತಿರಲಿಲ್ಲ. 1930ರಲ್ಲಿ ಮಹಾಲನೋಬಿಸ್ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ, ಗುಂಪುಗಳ ಭಿನ್ನತೆಯ ಪರೀಕ್ಷೆಗಳು ಬೇರೆ, ಅಳತೆಗಳು ಬೇರೆ ಎಂಬ ವಿಭಜನೆಯನ್ನು ಶೀರ್ಷಿಕೆಯಲ್ಲೇ ಹೊತ್ತಿತ್ತು. ಅಲ್ಲಿಂದ ಬೆಳೆದದ್ದೇ 1936ರಲ್ಲಿ ಅಂತಿಮ ರೂಪ ಪಡೆದ, ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿರುವ ‘ಮಹಾಲನೋಬಿಸ್ ದೂರ’. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಕಲ್ಕತ್ತೆಯಲ್ಲಿ, ಅನಂತರ ಕೇಂಬ್ರಿಜ್‌ನಲ್ಲಿ ಸೂಡಾನಿನ ಜೆಬೆಲ್ ಮೋಯಾದಿಂದ ಬಂದ ಅಸ್ಥಿಗಳ ಮೇಲೆ ಕೆಲಸ ಮಾಡುವಾಗ ಈ ದೂರದ ಲೆಕ್ಕವನ್ನೇ ಮುಂದುವರಿಸಿದರು. ಇಂಥ ಪರಂಪರೆಯುಳ್ಳ ದೇಶದ ವಿಶ್ವವಿದ್ಯಾಲಯಗಳಲ್ಲಿ ಪಿ-ಮೌಲ್ಯದ ಪಕ್ಕ ನಕ್ಷತ್ರದ ಚಿಹ್ನೆಗಳನ್ನು ಎಣಿಸಿ ವ್ಯತ್ಯಾಸ ‘ಅತ್ಯಂತ’ ದೊಡ್ಡದೆಂದು ಸಾರುವ ಪ್ರಬಂಧಗಳು ಸಿದ್ಧವಾಗುತ್ತಿರುವುದಕ್ಕೆ ಅಜ್ಞಾನ ನೆಪವಾಗಲಾರದು.

ಗೆರೆಯ ಮೇಲಿನ ಭಕ್ತಿ ಇನ್ನೂ ಒಂದು ಹಾನಿಯನ್ನು ಮಾಡುತ್ತದೆ: ಅದು ಗಮನವನ್ನೆಲ್ಲ ಲೆಕ್ಕದ ಕೊನೆಯ ಸಾಲಿಗೆ ಸೆಳೆದು, ಗುಂಪುಗಳು ಹೋಲಿಕೆಗೆ ಯೋಗ್ಯವೇ ಎಂಬ ಮೊದಲ ಪ್ರಶ್ನೆಯನ್ನು ಮರೆಸುತ್ತದೆ. 1930ರ ಫೆಬ್ರವರಿಯಿಂದ ಜೂನ್‌ವರೆಗೆ ಸ್ಕಾಟ್ಲೆಂಡಿನ ಲ್ಯಾನರ್ಕ್‌ಶೈರ್‌ನ 67 ಶಾಲೆಗಳಲ್ಲಿ ಇಪ್ಪತ್ತು ಸಾವಿರ ಮಕ್ಕಳ ಮೇಲೆ ನಡೆದ ಹಾಲಿನ ಪ್ರಯೋಗದಲ್ಲಿ ಹತ್ತು ಸಾವಿರ ಮಕ್ಕಳಿಗೆ ದಿನವೂ ಹಾಲು ಕೊಡಲಾಯಿತು, ಉಳಿದ ಹತ್ತು ಸಾವಿರ ಮಕ್ಕಳಿಗೆ ಕೊಡಲಿಲ್ಲ. ಗಾತ್ರದ ದೃಷ್ಟಿಯಿಂದ ಇದಕ್ಕಿಂತ ಹೆಚ್ಚಿನದನ್ನು ಯಾರೂ ಬಯಸಲಾರರು. ಆದರೆ ಮಕ್ಕಳನ್ನು ಚೀಟಿ ಎತ್ತಿಯೋ ಅಕ್ಷರಾನುಕ್ರಮದಿಂದಲೋ ಆರಿಸಿದ ಮೇಲೆ, ಒಂದು ಗುಂಪಿನಲ್ಲಿ ಪುಷ್ಟರೋ ಕೃಶರೋ ಹೆಚ್ಚಾದಂತೆ ಕಂಡರೆ ಅದಲುಬದಲು ಮಾಡುವ ಸ್ವಾತಂತ್ರ್ಯವನ್ನು ಶಿಕ್ಷಕರಿಗೆ ಬಿಡಲಾಗಿತ್ತು. ಕರುಣೆಯಿಂದಲೇ ಇರಬೇಕು, ಹಾಲು ಬಡಕಲು ಮಕ್ಕಳ ಪಾಲಿಗೆ ಹೆಚ್ಚಾಗಿ ಹೋಯಿತು. 1931ರಲ್ಲಿ ಅದೇ ಗಾಸೆಟ್ ಬರೆದ ವಿಮರ್ಶೆಯ ಪ್ರಕಾರ, ಹಾಲು ಕುಡಿಯದ ಗುಂಪು ಆರಂಭದಲ್ಲೇ ತೂಕದಲ್ಲಿ ಸುಮಾರು ಮೂರು ತಿಂಗಳ, ಎತ್ತರದಲ್ಲಿ ಸುಮಾರು ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿತ್ತು. ಸಾಲದ್ದಕ್ಕೆ ಮಕ್ಕಳನ್ನು ಬಟ್ಟೆಯೊಡನೆ ತೂಗಲಾಗಿತ್ತು. ಫೆಬ್ರವರಿಯ ಚಳಿಯಲ್ಲಿ ಉಳ್ಳವರ ಮಕ್ಕಳ ಮೈಮೇಲೆ ಇದ್ದ ದಪ್ಪ ಬಟ್ಟೆ ಜೂನ್‌ಗೆ ಇಳಿದಾಗ ಅವರ ತೂಕದ ಗಳಿಕೆ ಕಡಿಮೆಯಾಗಿ ಕಂಡಿತು, ಇಲ್ಲದವರ ಮಕ್ಕಳಿಗೆ ಇಳಿಸಲು ಅಷ್ಟು ಬಟ್ಟೆಯೇ ಇರಲಿಲ್ಲ. ಇಪ್ಪತ್ತು ಸಾವಿರ ಮಕ್ಕಳ ಬದಲು ಐವತ್ತು ಜೊತೆ ಏಕರೂಪಿ ಅವಳಿಗಳನ್ನು ತೆಗೆದುಕೊಂಡು, ಜೊತೆಯಲ್ಲಿ ಯಾರಿಗೆ ಹಾಲು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದ್ದರೆ ಹೆಚ್ಚು ನಂಬಿಕೆಗೆ ಅರ್ಹವಾದ ಉತ್ತರ ಸಿಗುತ್ತಿತ್ತು ಎಂದು ಗಾಸೆಟ್ ಸೂಚಿಸಿದರು. ಈ ಪ್ರಯೋಗದ ಯಾವ ಪಿ-ಮೌಲ್ಯವೂ ಈ ದೋಷವನ್ನು ಬಯಲಿಗೆಳೆಯುತ್ತಿರಲಿಲ್ಲ, ಯಾವ ವಿಶ್ವಾಸಾಂತರವೂ ಅದನ್ನು ತನ್ನ ಅಗಲದಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ, ಏಕೆಂದರೆ ಇವೆರಡೂ ಆಕಸ್ಮಿಕದ ಲೆಕ್ಕವನ್ನಷ್ಟೇ ಇಡುತ್ತವೆ.

0.05 ಎಂಬ ಸಂಖ್ಯೆಗೆ ಶಾಸ್ತ್ರದ ಬೆಂಬಲವಿದೆ ಎಂಬ ನಂಬಿಕೆಯೂ ತಳವಿಲ್ಲದ್ದು. ಇಪ್ಪತ್ತಕ್ಕೆ ಒಂದರ ಮಟ್ಟವನ್ನು ಫಿಷರ್ ಅನುಕೂಲಕರವೆಂದು 1925ರಲ್ಲಿ ಸೂಚಿಸಿದ್ದು ನಿಜ. ಆದರೆ ಒಂದು ಸಲ ಗೆರೆ ದಾಟಿದ್ದನ್ನಲ್ಲ, ಚೆನ್ನಾಗಿ ರೂಪಿಸಿದ ಪ್ರಯೋಗ ಮತ್ತೆ ಮತ್ತೆ ನಡೆದಾಗ ಅಪರೂಪಕ್ಕೊಮ್ಮೆ ಮಾತ್ರ ದಾಟದಿರುವುದನ್ನು ಅವರು ಪ್ರಾಯೋಗಿಕ ಸತ್ಯವೆಂದು ಕರೆದದ್ದು, ಮತ್ತು ಯಾವ ವಿಜ್ಞಾನಿಯೂ ವರ್ಷದಿಂದ ವರ್ಷಕ್ಕೆ ಒಂದೇ ಮಟ್ಟಕ್ಕೆ ಕಟ್ಟುಬಿದ್ದಿರುವುದಿಲ್ಲ ಎಂದು 1956ರಲ್ಲಿ ಅವರೇ ಬರೆದರು. ಯರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್ 1933ರಲ್ಲಿ ಮುಂದಿಟ್ಟ ಸಿದ್ಧಾಂತವಾದರೂ ತಪ್ಪಾಗಿ ತಿರಸ್ಕರಿಸುವ ಮತ್ತು ತಪ್ಪಾಗಿ ಉಳಿಸಿಕೊಳ್ಳುವ ಎರಡು ಬಗೆಯ ದೋಷಗಳ ನಷ್ಟವನ್ನು ತೂಗಿ, ಪ್ರಯೋಗಕ್ಕೆ ಮೊದಲೇ ಮಟ್ಟವನ್ನು ಆರಿಸಬೇಕೆಂದು ಕೇಳುತ್ತದೆ. 1930ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದೇ ಕಟ್ಟಡದಲ್ಲಿದ್ದೂ ಪರಸ್ಪರ ಒಪ್ಪದ ಫಿಷರ್ ಮತ್ತು ನೇಮನ್ ಅವರ ವಿಚಾರಗಳನ್ನು ಪಠ್ಯಪುಸ್ತಕಗಳು ಇಬ್ಬರ ಒಪ್ಪಿಗೆಯೂ ಇಲ್ಲದೆ ಬೆಸೆದಿವೆ. ಒಬ್ಬರಿಂದ ಪಿ-ಮೌಲ್ಯ, ಇನ್ನೊಬ್ಬರಿಂದ ಸ್ವೀಕಾರ-ತಿರಸ್ಕಾರ, ಇಬ್ಬರ ಎಚ್ಚರವೂ ಮಾಯ.

ಪ್ರತಿಪಕ್ಷದ ಬಲವಾದ ವಾದವೊಂದು ಉಳಿದಿದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ: ಔಷಧವನ್ನು ಮಾರುಕಟ್ಟೆಗೆ ಬಿಡಬೇಕೇ ಬೇಡವೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರವೇ ಬೇಕು, ಗೆರೆಯಿಲ್ಲದಿದ್ದರೆ ಪ್ರತಿ ಕಂಪನಿಯೂ ತನ್ನ ಅಂಕಿಗಳಿಗೆ ತನಗೆ ಬೇಕಾದ ಅರ್ಥ ಹಚ್ಚುತ್ತದೆ. ಈ ವಾದ ಗೆರೆಯ ಅಗತ್ಯವನ್ನು ಸ್ಥಾಪಿಸುತ್ತದೆ, 0.05ರ ಗೆರೆಯನ್ನಲ್ಲ, ಅದಕ್ಕೆ ಔಷಧ ನಿಯಂತ್ರಕರ ಆಚರಣೆಯೇ ಸಾಕ್ಷಿ. ಭಾರತದ ಕಾರ್ಖಾನೆಗಳು ಜಗತ್ತಿಗೆಲ್ಲ ಪೂರೈಸುವ ಜೆನೆರಿಕ್ ಔಷಧಗಳು ಮೂಲ ಔಷಧಕ್ಕೆ ಸಮವೆಂದು ಸಾಬೀತಾಗಬೇಕಾದರೆ, ಎರಡರ ನಡುವೆ ಸಾರ್ಥಕ ವ್ಯತ್ಯಾಸವಿಲ್ಲ ಎಂದು ತೋರಿಸಿದರೆ ಯಾರೂ ಒಪ್ಪುವುದಿಲ್ಲ. ಒಪ್ಪುವಂತಿದ್ದರೆ ಅತಿ ಕಡಿಮೆ ಜನರ ಮೇಲೆ, ಅತಿ ಅಜಾಗರೂಕತೆಯಿಂದ ನಡೆಸಿದ ಪ್ರಯೋಗಕ್ಕೇ ಮೊದಲ ಬಹುಮಾನ ಸಿಗುತ್ತಿತ್ತು, ಏಕೆಂದರೆ ಅಂಥ ಪ್ರಯೋಗದಲ್ಲಿ ಯಾವ ವ್ಯತ್ಯಾಸವೂ ಗೆರೆ ದಾಟುವುದಿಲ್ಲ. ಆದ್ದರಿಂದ ರಕ್ತದಲ್ಲಿ ಔಷಧದ ಪ್ರಮಾಣವನ್ನು ಅಳೆದು, ಲಾಗರಿದಮ್ ಅಳತೆಯಲ್ಲಿ ತೆಗೆದ ಸರಾಸರಿಗಳ ಅನುಪಾತಕ್ಕೆ ಶೇ. 90ರ ವಿಶ್ವಾಸಾಂತರ ಕಟ್ಟಿ, ಆ ಅಂತರ ಪೂರ್ತಿಯಾಗಿ ಶೇ. 80 ಮತ್ತು 125ರ ನಡುವೆ ಕೂತಿರಬೇಕೆಂದು ನಿಯಮವಿಡಲಾಗಿದೆ. ಷೂಯರ್‌ಮನ್ 1987ರಲ್ಲಿ ವಿವರಿಸಿದ ಎರಡು ಏಕಪಾರ್ಶ್ವ ಪರೀಕ್ಷೆಗಳ ವಿಧಾನಕ್ಕೆ ಇದು ಸಮಾನ. ಇಲ್ಲಿ ಹೌದು-ಇಲ್ಲ ಎಂಬ ತೀರ್ಮಾನವಿದೆ, ಆದರೆ ಗೆರೆಯನ್ನು ಎಳೆದದ್ದು ರೋಗಿಗೆ ಎಷ್ಟು ವ್ಯತ್ಯಾಸ ನಡೆದೀತು ಎಂಬ ವೈದ್ಯಕೀಯ ವಿವೇಚನೆಯಿಂದ, ಮತ್ತು ಅದನ್ನು ಎಳೆದದ್ದು ಔಷಧ ಅಳೆಯುವ ಮಾನದಲ್ಲಿ, ಸಂಭವನೀಯತೆಯ ಮಾನದಲ್ಲಲ್ಲ. ಸಮಾನತೆಯನ್ನು ಹೇಳಿಕೊಳ್ಳುವವನ ಮೇಲೇ ಅದನ್ನು ತೋರಿಸುವ ಹೊರೆ ಬೀಳುತ್ತದೆ. ಮಾತ್ರೆಯೊಂದಕ್ಕೆ ಬೇಕಾದ ಈ ಶಿಸ್ತು ಬೋಧನಾ ವಿಧಾನಕ್ಕೆ, ಗೊಬ್ಬರಕ್ಕೆ, ಆಪ್ತಸಮಾಲೋಚನೆಗೆ ಬೇಡವೆನ್ನಲು ಕಾರಣವೇನೆಂದು ರೂಢಿಯ ಸಮರ್ಥಕರು ಹೇಳಬೇಕಾಗುತ್ತದೆ.

ಹಾಗೆಂದು ಪಿ-ಮೌಲ್ಯದ ಜಾಗದಲ್ಲಿ ವಿಶ್ವಾಸಾಂತರವನ್ನು ತಂದು ಕೂರಿಸಿದೊಡನೆ ರೋಗ ವಾಸಿಯಾಗುವುದಿಲ್ಲ. ವಿಶ್ವಾಸಾಂತರವನ್ನು ಮುದ್ರಿಸಿ, ಅದರೊಳಗೆ ಸೊನ್ನೆ ಇದೆಯೇ ಇಲ್ಲವೇ ಎಂದಷ್ಟೇ ನೋಡಿ, ಉಳಿದದ್ದನ್ನು ಓದದೆ ಬಿಡುವ ಲೇಖನಗಳು ಹಳೆಯ ಪರೀಕ್ಷೆಯನ್ನೇ ಹೊಸ ವೇಷದಲ್ಲಿ ಮಾಡುತ್ತಿರುತ್ತವೆ. 2015ರಲ್ಲಿ ಬೇಸಿಕ್ ಅಂಡ್ ಅಪ್ಲೈಡ್ ಸೋಷಿಯಲ್ ಸೈಕಾಲಜಿ ಎಂಬ ಪತ್ರಿಕೆ ಪಿ-ಮೌಲ್ಯ, ವಿಶ್ವಾಸಾಂತರ ಎರಡನ್ನೂ ನಿಷೇಧಿಸಿದ್ದು ಮೂಗಿನ ಮೇಲಿನ ನೊಣಕ್ಕೆ ಮೂಗನ್ನೇ ಕೊಯ್ದ ಪ್ರಸಂಗ. ಅನಿಶ್ಚಿತತೆಯ ಅಳತೆಯನ್ನೇ ತೆಗೆದುಹಾಕಿದರೆ ಉಳಿಯುವುದು ಬರಿಯ ಸರಾಸರಿ ಮತ್ತು ಲೇಖಕನ ಆತ್ಮವಿಶ್ವಾಸ. ಪಿ-ಮೌಲ್ಯ ಗೆರೆ ದಾಟಿತೇ ಎಂಬುದೊಂದರ ಮೇಲೆ ವೈಜ್ಞಾನಿಕ ತೀರ್ಮಾನಗಳು ನಿಲ್ಲಬಾರದು ಎಂದು 2016ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಹೊರಡಿಸಿದ ಹೇಳಿಕೆ ಅದಕ್ಕಿಂತ ವಿವೇಕದ್ದು, ಏಕೆಂದರೆ ಅದು ಸಲಕರಣೆಯನ್ನು ದೂರದೆ ಅದರ ಬಳಕೆಯನ್ನು ದೂರಿತು. ಎರಡು ವರ್ಷಗಳ ಅನಂತರ 72 ಮಂದಿ ಸಂಶೋಧಕರು ಹೊಸ ಸಂಶೋಧನೆಗಳಿಗೆ ಗೆರೆಯನ್ನು 0.05ರಿಂದ 0.005ಕ್ಕೆ ಇಳಿಸಬೇಕೆಂದು ಸೂಚಿಸಿದರು. ಹುಸಿ ಶೋಧಗಳ ಹಾವಳಿಗೆ ಅದರಿಂದ ಒಂದಿಷ್ಟು ಕಡಿವಾಣ ಬೀಳಬಹುದು, ಮತ್ತು ಗೆರೆಯ ಮೇಲಿನದನ್ನು ಇಲ್ಲವೆನ್ನದೆ ಸೂಚನೆಯೆಂದು ಕರೆಯಬೇಕೆಂಬ ಅವರ ಸಲಹೆಯೂ ಸರಿಯಾದದ್ದೇ. ಆದರೆ ಮೇಲೆ ಹೇಳಿದ, ಗುಂಪಿಗೆ ಇಪ್ಪತ್ತು ಮಕ್ಕಳಿರುವ ಅಧ್ಯಯನಕ್ಕೆ ಆ ಹೊಸ ಗೆರೆಯನ್ನು ಹಳೆಯ ಅಭ್ಯಾಸದೊಡನೆ ಹಚ್ಚಿದರೆ, 6 ಅಂಕಗಳ ನಿಜವಾದ ಅಂತರವನ್ನು ಅದು ಹಿಡಿಯುವ ಸಂಭವ ನಾಲ್ಕರಲ್ಲಿ ಒಂದರಿಂದ ಹತ್ತರಲ್ಲಿ ಒಂದಕ್ಕೂ ಕೆಳಗೆ ಇಳಿಯುತ್ತದೆ, ಉಳಿದ ಪ್ರತಿಸಲವೂ ಎರಡು ವಿಧಾನಗಳು ಸಮಾನವೆಂದೇ ವರದಿಯಾಗುತ್ತದೆ.